ದಿನಬಳಕೆಗೆ

"ಯಾತಕ್ಕೆ ಬೇಕು, ಅಕ್ಕ?" ಅಂದ ಹುಡುಗ.
ಹಾಸನದ ಬಿ.ಎಂ. ರಸ್ತೆ, ಮಹಡಿ ಮೇಲಿನ ಅಂಗಡಿ,
ಕೆಳಗಿನ ಬೇಕರಿಯ ಬೆಣ್ಣೆ ಬಿಸ್ಕತ್ತಿನ ವಾಸನೆ
ಹದಿನೇಳು ಮೆಟ್ಟಿಲು ನನ್ನ ಜೊತೆಗೇ ಹತ್ತಿ ಬಂದಿತ್ತು.
ದಿನಬಳಕೆಗೆ, ಅಂದೆ.
ಎಲ್ಲರೂ ಹಾಗೇ ಅಂತಾರೆ ಅನ್ನೋ ಹಾಗೆ ತಲೆಯಾಡಿಸಿದ.

ನನ್ನ ದಿನ ಎಂಥದು ಅಂತ ಅವನಿಗೇನು ಗೊತ್ತು.
ಬೆಳಿಗ್ಗೆ ಆರೂವರೆಗೆ ಎಪಿಎಂಸಿ ಗೇಟು,
ಹದಿನಾಲ್ಕು ಹೆಂಗಸರು, ಆಳೆತ್ತರ ಆಲೂಗಡ್ಡೆ.
ದಪ್ಪದ್ದು ಈ ಕಡೆ, ಗೋಲಿ ಆ ಕಡೆ,
ಹಸಿರಾದದ್ದು, ಗುದ್ದಲಿ ಏಟು ತಿಂದದ್ದು, ಕೊಳೆತದ್ದು
ಬೆನ್ನ ಹಿಂದಕ್ಕೆ.
ಹದಿನಾರು ವರ್ಷ ಆಯ್ದೆ.
ಆರು ವರ್ಷದಿಂದ ಆಯುವವರ ಹಾಜರಿ ಬರೀತೀನಿ,
ಮಣ್ಣುಗೈಯಲ್ಲೇ.
ಹೋದ ಶನಿವಾರ ಮಂಡಿ ಸಾಹುಕಾರರು,
"ಬರೋ ತಿಂಗಳಿಂದ ಲೆಕ್ಕ ಕಂಪ್ಯೂಟರಲ್ಲಿ ಕಳಿಸು, ತಾಯಮ್ಮ,
ನಿನ್ನ ಅಕ್ಷರ ಓದಕ್ಕಾಗಲ್ಲ" ಅಂದರು.
ಆರು ವರ್ಷ ಅದೇ ಅಕ್ಷರ ಓದಿ
ಒಂದು ರೂಪಾಯಿ ಹೆಚ್ಚು ಕೊಡದವರು.

ಹನ್ನೆರಡು ಸಾವಿರ ಇದೆ, ಅಂದೆ.
ಮುದಸ್ಸಿರ್ ಅಂತ ಅವನ ಹೆಸರು. ಹೊಸದರ ಕಡೆ ನೋಡಲೇ ಇಲ್ಲ.
ಒಳಗಿಂದ ಮೂರು ಹಳೇವು ತಂದು ಸಾಲಾಗಿ ಇಟ್ಟ.
"ಇದು ಆರನೇ ಜನರೇಷನ್, ಇದು ಏಳು, ಇದು ನಾಲ್ಕು."
ನನಗೆ ನನ್ನ ಮುತ್ತಜ್ಜಿಯ ಹೆಸರೇ ಗೊತ್ತಿಲ್ಲ.

ಎಲ್ಲ ಥಳಥಳ ಒರೆಸಿಟ್ಟಿದ್ದ.
ಚೀಲದ ಬಾಯಲ್ಲಿ ಯಾವತ್ತೂ ದಪ್ಪ ಗೆಡ್ಡೆಯೇ ಇರೋದು,
ತಳ ಸುರಿದು ನೋಡಬೇಕು.
ಮಗುಚಪ್ಪ, ಅಂದೆ.
ಏಳನೆಯದರ ಹೊಟ್ಟೆಯಲ್ಲಿ ಒಂದು ಸ್ಕ್ರೂ ಇರಲಿಲ್ಲ.
"ಬಿಚ್ಚಿದೀರಿ ಇದನ್ನ."
"ನಾನೇ ಬಿಚ್ಚಿದ್ದು, ಎಸ್‌ಎಸ್‌ಡಿ ಹಾಕಕ್ಕೆ," ಅಂದ,
ಆಮೇಲೆ ನನ್ನನ್ನು ಇನ್ನೊಂದು ಸಲ ನೋಡಿದ.

ಮೂಸಿದೆ. ಅವನು ನಗಲಿಲ್ಲ, ಅದು ದೊಡ್ಡ ಗುಣ.
ನಾಲ್ಕನೆಯದರಲ್ಲಿ ಸುಟ್ಟ ವಯರಿನ ವಾಸನೆ, ಬೆನ್ನ ಹಿಂದಕ್ಕೆ.
ಏಳರ ತಳಕ್ಕೆ ಅಂಗೈ ಕೊಟ್ಟು ಕೂತೆ,
ಹತ್ತು ನಿಮಿಷಕ್ಕೆ ಜ್ವರದ ಮಗುವಿನ ಹಾಗೆ ಕಾದಿತ್ತು.
ಆರು ಉಗುರುಬೆಚ್ಚಗಷ್ಟೇ ಆಯಿತು.
ಅದಕ್ಕೆ ನೆತ್ತಿ ಮೇಲೆ ಒಂದೇ ಕಣ್ಣು.
ಬಿತ್ತನೆಗೆ ಕೊಯ್ಯುವಾಗ ಹೋಳಿಗೆ ಎರಡಾದರೂ ಕಣ್ಣು ಬಿಡ್ತೀವಿ ನಾವು.
"ಬೇಡ ಅಂದ್ರೆ ಮೇಲೊಂದು ಸ್ಟಿಕ್ಕರ್ ಅಂಟಿಸಿ," ಅಂದ.

ಕೀಲಿಗಳಲ್ಲಿ ಒಂದು ಮಾತ್ರ ಸವೆದು ನುಣ್ಣಗಾಗಿತ್ತು,
ಬರೆದದ್ದು ಏನೂ ಕಾಣದಷ್ಟು.
ಯಾರೋ ವರ್ಷಗಟ್ಟಲೆ ಅದನ್ನೇ ಒತ್ತಿಕೊಂಡು ಕೂತಿದ್ದಾರೆ.
ಯಾವ ಅಕ್ಷರ ಇದು?
"ಅಕ್ಷರ ಅಲ್ಲ ಅಕ್ಕ. ಅಳಿಸೋದು."
ಅಳಿಸಿದರೆ ಗುರುತು ಉಳಿಯುತ್ತಾ?
"ಏನೂ ಉಳಿಯಲ್ಲ. ಕ್ಲೀನ್!" ಅಂದ, ಗ್ಯಾರಂಟಿ ಕೊಡುವ ದನಿಯಲ್ಲಿ.

ನನ್ನ ಬುಕ್ಕಲ್ಲಿ ಕಾಟು ಹೊಡೆದರೆ ಕಾಣುತ್ತೆ.
"ಇಲ್ಲಿ ಮೊದಲು ಏನಿತ್ತು?" ಅಂತ ಜವರಮ್ಮ ಬೆರಳಿಡ್ತಾಳೆ.
ಜೈತೂನ್‌ಬಿಗೆ ಓದು ಬರಲ್ಲ,
ಆದರೆ ತನ್ನ ಸಾಲಲ್ಲಿ ಕಾಟು ಬಿದ್ದರೆ
ಎರಡು ಗುಡ್ಡೆ ಆಚೆಯಿಂದ ಎದ್ದು ಬರ್ತಾಳೆ.
ಅರ್ಧ ದಿನದ ಕೂಲಿಗೆ ನಾವು ಆಡಿದ ಜಗಳವೆಲ್ಲ
ಆ ಕಾಟುಗಳ ಕೆಳಗೇ ಇದೆ.

ಹದಿಮೂರೂವರೆ ಅಂದಿದ್ದ, ಹನ್ನೊಂದು ಎಂಟುನೂರಕ್ಕೆ ಇಳಿದ,
ಬ್ಯಾಗು ಪುಕ್ಕಟೆ, ಮೂರು ತಿಂಗಳ ಗ್ಯಾರಂಟಿ,
ಚಾರ್ಜು ಎರಡು ಗಂಟೆ ನಿಲ್ಲುತ್ತಂತೆ.
ಆರನೇ ತಲೆಮಾರನ್ನು ಹೆಗಲಿಗೆ ಹಾಕಿಕೊಂಡು ಇಳಿದೆ.

ಉಳಿದ ಇನ್ನೂರರಲ್ಲಿ, ಬೇಕರಿ ಪಕ್ಕದ ಅಂಗಡಿಯಲ್ಲಿ
ಉದ್ದ ಗೆರೆಯ ಒಂದು ಬುಕ್ಕು, ಒಂದು ನೀಲಿ ಪೆನ್ನು.
ಬ್ಯಾಗಿನಲ್ಲಿ ಅದಕ್ಕೂ ಜಾಗ ಇತ್ತು.

ತೂಕ ಒಂದೂವರೆ ಕೆ.ಜಿ. ಅಂದಿದ್ದ ಮುದಸ್ಸಿರ್.
ಬುಕ್ಕು ಬಿಟ್ಟು, ಒಂದೂ ಮುಕ್ಕಾಲು.
ಕೈಗೆ ಗೊತ್ತಾಗುತ್ತೆ.