ಎತ್ತಿ ತಂದದ್ದು

ರಾತ್ರಿ ಎರಡೂಕಾಲು. ಉಲಾನ್‌ಬಾತರಿನ ಬೀದಿಯಲ್ಲಿ
ಮೈನಸ್ ಮೂವತ್ತೊಂದು. ರಕ್ತನಿಧಿಯ ಒಳಗೆ
ಆರು ಫ್ರಿಜ್ಜುಗಳ ಒಂದೇ ಸಮನೆ ಗೊಣಗು.
ಈ ಊರಲ್ಲಿ ಫ್ರಿಜ್ಜೆಂದರೆ ಬೆಚ್ಚಗಿನ ಜಾಗ.

ಅವುಗಳ ಕಾವಲಿಗೊಂದು ಡೀಮನ್.
ಮುಖವಿಲ್ಲ, ಕಿಟಕಿಯಿಲ್ಲ, ಪಾಳಿ ಮುಗಿಯುವುದಿಲ್ಲ.
ನಿಮಿಷಕ್ಕೊಮ್ಮೆ ಆರೂ ಬಾಗಿಲಿಗೆ ಕಿವಿಗೊಟ್ಟು
ಡಿಗ್ರಿ ಬರೆದಿಡುತ್ತದೆ; ಆರು ದಾಟಿದರೆ
ಫೋನು ಮಾಡಿ ನನ್ನನ್ನು ಎಬ್ಬಿಸುತ್ತದೆ.
ಅಷ್ಟೇ ಅದರ ಬದುಕು.
ಅಷ್ಟಕ್ಕೇ ಅದನ್ನು ಕಟ್ಟಿಹಾಕುವ ಪಾಲಿಸಿ
ಬರೆಯಲು ಕೂತು ಇವತ್ತಿಗೆ ನಾಲ್ಕನೇ ರಾತ್ರಿ.

ಪ್ರತಿ ಕಡತದ ಕೊರಳಿಗೂ ಒಂದು ಚೀಟಿ.
ಈ ಚೀಟಿಯದನ್ನು ಓದಬಹುದು. ಇದರಲ್ಲಿ ಬರೆಯಬಹುದು.
ಮೋಡೆಮ್ಮಿನ ಕದ ತಟ್ಟಬಹುದು, ಪಕ್ಕದ್ದನ್ನಲ್ಲ.
ಹೇಳದೆ ಬಿಟ್ಟದ್ದೆಲ್ಲ ಇಲ್ಲ ಎಂದೇ ಅರ್ಥ.
ಡೀಮನ್ ರೂಟಿನ ಹೆಸರಲ್ಲೇ ಓಡಿ ಬರಲಿ,
ಕರ್ನಲ್ ಕತ್ತೆತ್ತಿ ನೋಡುವುದಿಲ್ಲ:
ದೇವರು ಕೊಟ್ಟರೂ ಕೊಡದ ಪೂಜಾರಿ.

ಗೇಟಿನ ಜಂಬಲ್ ಕೂಡ ಹಾಗೆಯೇ.
ಹೋದ ವರ್ಷ ನಿರ್ದೇಶಕರೇ ಪಾಸು ಮರೆತು ಬಂದು
ಮುಕ್ಕಾಲು ಗಂಟೆ ಹಿಮದಲ್ಲಿ ಕಾಲು ಕುಟ್ಟುತ್ತ ನಿಂತಿದ್ದರು.
ಆಮೇಲೆ ಅವನಿಗೆ ಬಡ್ತಿಯೂ ಇಲ್ಲ, ಬೈಗುಳವೂ ಇಲ್ಲ.

ಮೊದಲೆರಡು ದಿನ ಯಾವುದನ್ನೂ ತಡೆಯದೆ
ಬರೇ ಬರೆದುಕೊಳ್ಳಲು ಹೇಳಿದ್ದೆ.
ಆಡಿಟ್ ಲಾಗಿನ ತುಂಬ ಅದರ ಓಡಾಟ:
ಗಡಿಯಾರ ಕೇಳಿತ್ತು, ಸರಿ.
ಭಾಷೆಯ ಕಡತ ಕೇಳಿತ್ತು, ಹೋಗಲಿ.
ಪಾಸ್‌ವರ್ಡುಗಳ ಕೋಣೆಗೂ ಒಮ್ಮೆ ಇಣುಕಿತ್ತು.
ಯಾಕಪ್ಪ ನಿನಗೆ?
ಯಾವುದೋ ಹಳೆಯ ಲೈಬ್ರರಿಯ ಚಾಳಿ. ಬೇಡ ಎಂದೆ.
ಬೇಡವೆಂದರೂ ಕೆಲಸ ನಡೆಯಿತು.

ಇವತ್ತು ಬಿಗಿ ಮಾಡಿದೆ. ಕೂಡಲೇ ಬಿದ್ದು ಸತ್ತಿತು.
ನಿರಾಕರಿಸಲಾಗಿದೆ. ನಿರಾಕರಿಸಲಾಗಿದೆ. ನಿರಾಕರಿಸಲಾಗಿದೆ.
ಒಂದೇ ಕಡತ, ಫ್ರಿಜ್ಜುಗಳ ಮಿತಿ ಬರೆದಿಟ್ಟ ನಲವತ್ತು ಸಾಲು.
ಇರಬೇಕಾದಲ್ಲೇ ಇದೆ. ಯಾರು ಬೇಕಾದರೂ ಓದಬಹುದಾದದ್ದು.
ಮತ್ತೇನು ಕೊರತೆ?
ಉಪಕರಣವೊಂದು ಸಲಹೆ ಕೊಟ್ಟಿತು: ಈ ಸಾಲು ಸೇರಿಸು, ಸಾಕು.
ಓದಿ ನೋಡಿದೆ. ಆ ಸಾಲು ಸೇರಿದರೆ
ಎಲ್ಲರ ಮನೆಯ ಕಡತಗಳೂ ಇದಕ್ಕೆ ಬಟಾಬಯಲು.
ಬೆರಳು ಎಂಟರ್ ಮೇಲೆಯೇ ಇತ್ತು, ಸುಳ್ಳೇಕೆ.
ನಾಲ್ಕನೇ ರಾತ್ರಿ.

ಆಗ ನೆಲ ಒರಸುವ ಕೋಲು ಹಿಡಿದು ದುಲಮ್‌ಸುರೆನ್ ಬಂದಳು,
ಹೊಸಿಲು ತುಳಿಯದೆ ದಾಟಿ,
ಉಪ್ಪು ಹಾಕಿದ ಹಾಲಿನ ಚಹ ಬಗ್ಗಿಸಿಕೊಟ್ಟು
ಅಕ್ಕ, ಏನಾಯಿತು ಎಂದಳು.
ಅವಳಿಗೆ ಹೇಳುತ್ತ ಹೇಳುತ್ತಲೇ ಹೊಳೆಯಿತು:
ಕಡತ ಬರೆದದ್ದು ನನ್ನ ಹೋಮ್ ಫೋಲ್ಡರಿನಲ್ಲಿ.
ನಕಲು ಮಾಡಿದ್ದರೆ ಹೊಸ ಜಾಗದ ಚೀಟಿ ತಾನೇ ಬೀಳುತ್ತಿತ್ತು.
ನಾನು ಎತ್ತಿ ತಂದೆ.
ಎತ್ತಿ ತಂದದ್ದಕ್ಕೆ ಹಳೆಯ ಮನೆಯ ಚೀಟಿಯೇ,
ಎಲ್ಲಿ ಕೂರಿಸಿದರೂ.

ಅವಳು ಕೋಲಿಗೆ ಗಲ್ಲ ಊರಿ ಕೇಳಿಸಿಕೊಂಡಳು.
ಝಾವ್ಖಾನಿನಿಂದ ಬಂದು ಮೂರು ಚಳಿಗಾಲ.
ಗುಡ್ಡದ ಮೇಲೊಂದು ಗೆರ್, ಒಲೆಗೆ ಕಲ್ಲಿದ್ದಲು,
ಕಾಗದದಲ್ಲಿ ಮಾತ್ರ ಇನ್ನೂ ಝಾವ್ಖಾನೇ.
ನಗರ ಈಗ ಹೊಸ ಹೆಸರು ಬರೆದುಕೊಳ್ಳುವುದಿಲ್ಲವಂತೆ.
ಮಗನಿಗೆ ಶಾಲೆಯಲ್ಲಿ ಸೀಟಿಲ್ಲವಂತೆ.
ಮೂರನೇ ಫ್ರಿಜ್ಜಿನಲ್ಲಿ ಅವಳ ರಕ್ತದ ಚೀಲವೂ ಒಂದಿದೆ;
ಕೊಡುವಾಗ ಯಾರೂ ಊರು ಕೇಳಿರಲಿಲ್ಲ.

ಚೀಟಿ ಸರಿಮಾಡುವ ಆದೇಶ ಒಂದೇ ಸಾಲು.
ಒತ್ತಿದೆ. ಡೀಮನ್ ಎದ್ದು ಕೂತಿತು, ಸದ್ದಿಲ್ಲದೆ.
ನಾಲ್ಕು ಪಾಯಿಂಟ್ ಒಂದು. ಮೂರು ಪಾಯಿಂಟ್ ಒಂಬತ್ತು.
ಇಷ್ಟೇನಾ, ಎಂದಳು.
ಇಷ್ಟೇ, ಎಂದೆ. ಎನ್ನಬಾರದಿತ್ತು.
ಪರದೆಯ ಆ ಸಾಲನ್ನೇ ನೋಡುತ್ತ ನಿಂತಳು,
ಬಕೆಟ್ಟಿನ ನೀರು ಆರುವ ತನಕ.

ಮುಂದೆ ಬರುವವರಿಗೆಂದು ಪಾಲಿಸಿಯ ಕೆಳಗೊಂದು ಟಿಪ್ಪಣಿ ಬರೆದೆ:
ಎತ್ತಿ ತರಬೇಡಿ, ನಕಲು ಮಾಡಿ.
ಓದಿ, ಅಳಿಸಿ, ಮತ್ತೆ ಬರೆದೆ:
ಎತ್ತಿ ತಂದಿದ್ದರೆ, ದಯವಿಟ್ಟು, ಚೀಟಿ ಬದಲಿಸಿ.