ಎರಡು ಗೆಡ್ಡೆ

ರಿಪ್ಪನ್‌ಪೇಟೆಯಾಚೆ ಜಂಬಿಟ್ಟಿಗೆ ಕ್ವಾರಿಯಲ್ಲಿ
ಕಲ್ಲು ಕೊಯ್ಯುವ ಗುತ್ಯಪ್ಪ ಮಿಷನ್ನು ನಿಲ್ಲಿಸಿ ಬಂದು
ಲಾರಿ ಲೆಕ್ಕದ ನನ್ನ ಮೇಜಿನ ಮೇಲೆ
ಸಿಮೆಂಟು ಚೀಲದ ಚೂರು ಬಿಚ್ಚಿದ.
ಹಳದಿಗೆ ತಿರುಗಿದ ಎಲೆ, ಬುಡದಲ್ಲಿ
ಅಂಟಿಕೊಂಡ ಎರಡು ಗೆಡ್ಡೆ:
ಒಂದು ಸುಕ್ಕು, ಒಂದು ನುಣುಪು.

"ಸುಕ್ಕಿಂದು ಈ ವರ್ಷದ್ದು, ನುಣ್ಣಗಿರೋದು ಬರೋ ವರ್ಷದ್ದು.
ಬಿಡಿಸ್ಬೇಡಿ, ಜೊತೇಲೇ ಹೂಳಿ.
ಗೊಬ್ಬರ ಬ್ಯಾಡ. ಅಲ್ಲಿಯ ಮಣ್ಣೇ ಒಂದು ಬೊಗಸೆ ತಂದೀನಿ,
ಅದರೊಳಗಿನ ಬೂಷ್ಟು ಇಲ್ದೆ ಇದು ಉಣ್ಣಲ್ಲ.
ಸ್ವಾತಿ ಮಳೆ ಕಳೆದ್ರೆ ಎಲೆ ಮಾಯ.
ಸತ್ತಿತು ಅಂತ ನೀರು ಹೊಯ್ಬೇಡಿ."

ಹೊಯ್ದೆ.
ಮಾಘದ ಬಿಸಿಲಿಗೆ, ಮರುಕಕ್ಕೆ, ಚೊಂಬುಗಟ್ಟಲೆ.
ಕೆದಕಿದರೆ ಬೆರಳಿಗೆ ಹತ್ತಿದ್ದು ಅಂಬಲಿ.

ಅವನು ಬೈಯಲಿಲ್ಲ.
ಒಣಗಿದ ಕಡ್ಡಿಯ ಗುರುತು ಹಿಡಿದು
ಹಾಸಿನ ಮೂಲೆಯಿಂದ ಇನ್ನೊಂದು ತಂದ.
"ಇದೇ ಕೊನೇದು," ಅಂದ.
ಆ ಮೂಲೆಯ ಕಲ್ಲಿಗೆ ಬಿಲ್ಲು ಬರೆದವನು ನಾನೇ,
ಹಿಂದಿನ ದಿನ, ಮೂರು ಲೋಡು.

ಆಮೇಲೆ ಖಾಲಿ ಪೇಂಟು ಬಕೇಟನ್ನು ಕಾದೆ.
ಪಕ್ಕದ ಮನೆಯ ಗ್ರೇಸಿ ಕೊತ್ತಂಬರಿ ಬೀಜ ಹಿಡಿದು ಬಂದಳು:
"ಸುಮ್ಮನೆ ಮಣ್ಣು ಯಾಕೆ ಇಟ್ಟೀರಿ?"
"ಸುಮ್ಮನೇ," ಅಂದೆ. "ಮುಟ್ಟಬೇಡ."

ಆರಿದ್ರೆಗೆ ಒಂದು ಹಸಿರು ಮುಳ್ಳು.
ಆಶ್ಲೇಷದ ಹೊಳವಿನಲ್ಲಿ ಬಿಳಿ ಹೂ,
ಬೆನ್ನಿಗೆ ಉದ್ದನೆ ಹಸಿರು ನಳಿಗೆ ಇಳಿಬಿಟ್ಟು,
ಹಗಲೆಲ್ಲ ವಾಸನೆಯೇ ಇಲ್ಲ.
ಕತ್ತಲಾದ ಮೇಲೆ ಕರೆಂಟು ಹೋಗಿ
ಬೀಡಿ ಹಚ್ಚಲು ಹೊರಬಂದವನು
ಕಡ್ಡಿ ಗೀರದೆ ನಿಂತೆ.
ರೆಕ್ಕೆಯ ಸದ್ದು. ಯಾವುದೋ ಇರುಳ ಚಿಟ್ಟೆ,
ಇಷ್ಟು ದೂರ, ಈ ಒಂದಕ್ಕೆ.

ಕೆಳಗೆ ಹಳೆಯದು ಸುಕ್ಕಾಗುತ್ತಿರಬೇಕು.
ಅಗೆದು ನೋಡಲಿಲ್ಲ.