ಕಾಫಿ ಡಬ್ಬಿಯ ಪುಸ್ತಕ

ಗೇಟಿನ ಬೀಗದ ಅಂಕಿ, ವೆಲ್ಡಾಳ ನಾಯಿ ಸತ್ತ ವರ್ಷ.
ತಿರುಗಿಸಿ, ಸರಪಳಿ ಬಿಚ್ಚಿ, ವ್ಯಾನು ಒಳಗೆ ಬಿಟ್ಟು
ಮತ್ತೆ ಇಳಿದು ಹಾಕಬೇಕು. ಹಸುಗಳಿವೆ.
ಅಲಬಾಮಾದ ಏಪ್ರಿಲ್, ಬೆಳಗಿನ ಐದೂವರೆ.
ಚಿಗುರುವುದಕ್ಕೆ ಪೆಕನ್ ಮರಗಳಿಗಿನ್ನೂ ಮನಸ್ಸಾಗಿಲ್ಲ.

ದೇವರು ಮಾಡಿದ ಕೆರೆಯಲ್ಲ ಇದು.
ವರ್ಲನ್ ಟಿಡ್‌ಮೋರ್ ಬುಲ್‌ಡೋಜರ್ ಬಾಡಿಗೆಗೆ ತಂದು
ಹಳ್ಳಕ್ಕೆ ಅಡ್ಡ ಏರಿ ಕಟ್ಟಿ
ಎರಡು ಚಳಿಗಾಲದ ಮಳೆ ಕಾದು ತುಂಬಿಸಿದ
ಹದಿನೆಂಟು ಎಕರೆ ನೀರು.
ಅವನೀಗ ಇಲ್ಲ. ಅವನ ಕಾನೂನುಗಳಿವೆ:
ಪೆಟ್ರೋಲ್ ಎಂಜಿನ್ ಕೂಡದು.
ಹದಿನಾಲ್ಕು ಇಂಚಿನೊಳಗಿನ ಬ್ಯಾಸ್ ಸಿಕ್ಕರೆ
ಬಿಡಕೂಡದು, ಒಯ್ದು ಹುರಿದು ತಿನ್ನು.
ದೊಡ್ಡದಾದರೆ ಅಳೆದು, ತೂಗಿ, ಬಿಟ್ಟು, ಬರೆದಿಡು.
ಚಿಕ್ಕವು ಹೆಚ್ಚಾದರೆ ಎಲ್ಲವೂ ಬಡಕಲು, ಎನ್ನುತ್ತಿದ್ದ.
ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು,
ಅದಕ್ಕೇನು ಹೇಳಲಿ.

ಕೊನೇ ಸ್ಟಾಪಿನಲ್ಲಿ ನಿದ್ದೆ ಹೋದ ಮಗುವನ್ನು ಎತ್ತುವ ಹಾಗೆ
ಬ್ಯಾಟರಿ ಎತ್ತಿ ದೋಣಿಯಲ್ಲಿಟ್ಟೆ.
ಸೊಂಟ ಗೊಣಗಿತು.
ಗುಂಡಿ ಒತ್ತಿದರೆ ಸದ್ದೆನ್ನುವ ಸದ್ದಿಲ್ಲ,
ಬಾಟಲಿಯೊಳಗಿನ ನೊಣ ಯೋಚನೆಗೆ ಬಿದ್ದಂತೆ
ಒಂದು ಗುಂಯ್.
ಆಮೆ ದಿಮ್ಮಿ ಬಿಡಲಿಲ್ಲ.
ಕೊಕ್ಕರೆ ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.
ಮೂವತ್ತೊಂದು ವರ್ಷದ ಡೀಸೆಲ್ಲು
ಕಿವಿಯಿಂದ ತೊಟ್ಟು ತೊಟ್ಟಾಗಿ ಇಳಿಯಿತು.

ಚಿಕ್ಕವೆರಡು ಬೇಗನೆ ಬಂದವು. ಕಾನೂನಿನಂತೆ ಐಸಿನೊಳಗೆ.

ಆಮೇಲೆ ಪಡುವಣ ಮೂಲೆ. ಮುಳುಗಿದ ಸೀಡರ್ ಮರದ ಪಕ್ಕ
ನೇರಳೆ ಬಣ್ಣದ ರಬ್ಬರ್ ಎರೆಹುಳು ಇಳಿಬಿಟ್ಟೆ.
ತಟ್.
ಯಾರೋ ಬಾಗಿಲು ತಟ್ಟಿ
ಬಂದ ಕೆಲಸ ಮರೆತು ನಿಂತ ಹಾಗೆ.
ತಟ್, ತಟ್.
ಎಳೆದೆ.
ಮುಂದಿನದನ್ನು ಬಣ್ಣಿಸುವವರು ಬೇರೆ ಇದ್ದಾರೆ.
ದೋಣಿಯ ಮೂತಿ ಮೂರು ಸಲ ತಿರುಗಿತು,
ನನ್ನ ಟೋಪಿ ನೀರಿಗೆ ಬಿತ್ತು, ಅಷ್ಟು ಗೊತ್ತು.

ಎಡಗಣ್ಣಿರಬೇಕಾದಲ್ಲಿ ನಯವಾದ ಚರ್ಮ.
ಅವಳೇ.
ಕಟ್ಟೆಯ ಕಂಬಕ್ಕೆ ಮೊಳೆ ಹೊಡೆದ ಕಾಫಿ ಡಬ್ಬಿ,
ಒಳಗೆ ಪುಸ್ತಕ, ಪುಸ್ತಕದಲ್ಲಿ ವರ್ಲನ್‌ನ ಸೀಸದಕಡ್ಡಿ:
ಒಕ್ಕಣ್ಣಿ, ಏಳು ಪೌಂಡು ಎರಡು ಔನ್ಸು.
ಒಕ್ಕಣ್ಣಿ, ಎಂಟು ಪೌಂಡು ಐದು.
ಆಮೇಲೆ, ಅಕ್ಷರ ನಡುಗುವ ಪುಟದಲ್ಲಿ,
ಒಂಬತ್ತು ಪೌಂಡು ಒಂದು. ಏನು ಹೆಂಗಸಪ್ಪಾ!

ಇವತ್ತು ಆರು ಪೌಂಡು ನಾಲ್ಕು.
ತಕ್ಕಡಿ ತಟ್ಟಿ ಇನ್ನೊಮ್ಮೆ ತೂಗಿದೆ. ಆರು, ನಾಲ್ಕು.
ತಲೆ ಮಾತ್ರ ಹಳೆಯ ಅಳತೆಯದು,
ಹೊಟ್ಟೆ, ಒಗೆದು ನೇತುಹಾಕಿದ ಕಾಲುಚೀಲ.
ಕೆಳದುಟಿ ಹಿಡಿದ ಹೆಬ್ಬೆರಳಿಗೆ
ಮರಳುಕಾಗದದಂಥ ಹಲ್ಲು ಇನ್ನೂ ಹರಿತ.
ನೀರಲ್ಲಿ ಹಿಂದೆ ಮುಂದೆ ತೂಗುತ್ತಾ ಕಾದೆ.
ಬಾಲ ಒಂದು ಸಲ ಯೋಚಿಸಿತು,
ಮುಖಕ್ಕೆ ನೀರೆರಚಿ ಹೋದಳು.

ಬ್ಯಾಟರಿ ಸತ್ತದ್ದು ಆಗಲೇ.
ಇದ್ದದ್ದೊಂದು ಮೋಟು ಹುಟ್ಟು, ಎದುರುಗಾಳಿ.
ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು,
ಬಾಯಲ್ಲಿ ಬರಬಾರದ ಮಾತು.
ಅರ್ಧ ದಾರಿಗೆ ನೋಡಿದರೆ ಕಟ್ಟೆಯ ಮೇಲೆ ವೆಲ್ಡಾ,
ನೀಲಿ ಗೌನು, ಕೈಯಲ್ಲಿ ಹೊಗೆಯಾಡುವ ಲೋಟ.
ಇವಳು ಗಾಳ ಹಿಡಿದವಳಲ್ಲ.
ಪ್ರತಿ ಸಂಜೆ ಬಂದು ಪುಸ್ತಕ ಓದುವವಳು.

"ಸಿಕ್ಕಿದಳಾ ಅವಳು?"

ಡಬ್ಬಿ ತೆರೆದೆ. ಪೆನ್ಸಿಲ್ಲು ನಾಲಗೆಗೆ ಒತ್ತಿಕೊಂಡೆ.
ಒಂಬತ್ತು ಬರೆಯುವುದೇನು ಕಷ್ಟವಲ್ಲ,
ಆರನ್ನು ತಲೆಕೆಳಗು ಮಾಡಿದರಾಯಿತು.
ತೂಗಿದ್ದನ್ನೇ ಬರೆದೆ.
ವೆಲ್ಡಾ ಕನ್ನಡಕ ಏರಿಸಿ ಓದಿದಳು,
ತುಟಿಯಲ್ಲೇ ಇನ್ನೊಮ್ಮೆ.
"ನಾನೂ ಇಳಿದಿದ್ದೇನೆ" ಅಂದು
ಗೌನಿನ ಪಟ್ಟಿ ಬಿಗಿದುಕೊಂಡಳು.

ಬ್ಯಾಟರಿಯ ಹಿಡಿಗೆ ಒಂದು ಕೈ ನನ್ನದು, ಒಂದು ಅವಳದು.
ಏರು ಹತ್ತುವಾಗ ಎರಡು ಸಲ ಕೆಳಗಿಟ್ಟೆವು.
ನನ್ನ ಟೋಪಿ ಅಗೋ, ಪಡುವಣ ಮೂಲೆಯಲ್ಲೇ ತೇಲುತ್ತಿತ್ತು.
ನಾಳೆ ತರುತ್ತೇನೆ ಅಂದೆ,
ಇದು ಚಾರ್ಜ್ ಆಗಲಿ.